ಮಂಗಳವಾರ ನಾನು, ಶನಿವಾರ ಅವಳು

ಅವಳ ಬೆನ್ನು ಬಾಗುತ್ತಿರಲಿಲ್ಲ. ಕೆಳಗೆ ಬಿದ್ದ ಆಸ್ಪತ್ರೆ ಚೀಟಿ ಎತ್ತಬೇಕಾದರೆ ಗೋಡೆ ಹಿಡಿದು, ಪುರಸೈವಾಕ್ಕಂ ಬಟ್ಟೆ ಅಂಗಡಿಯ ಬೊಂಬೆಯನ್ನು ಯಾರೋ ಮೆಲ್ಲಗೆ ಇಳಿಸಿದ ಹಾಗೆ ನೆಟ್ಟಗೆ ಇಳಿಯುತ್ತಿದ್ದಳು. ಹಿಮಾಚಲದ ಕಡೆಯವಳು. ಗಂಡ ಮಾಧವರಂನಲ್ಲಿ ಲಾರಿ ಓಡಿಸುತ್ತಿದ್ದ. ನಾನು ಅವಳನ್ನು ಬೆಟ್ಟದವಳು ಎನ್ನುತ್ತಿದ್ದೆ, ಅವಳು ನನ್ನನ್ನು ದೀದಿ ಎನ್ನುತ್ತಿದ್ದಳು. ಅವಳಿಗೆ ಬರುತ್ತಿದ್ದ ಈ ಊರ ತಮಿಳು ಹತ್ತು ಮಾತು. ನನ್ನ ಹಿಂದಿ ಅಷ್ಟೂ ಇಲ್ಲ.

ಪರಿಚಯವಾದದ್ದು ಜಗಳದಿಂದ. ಆಸ್ಪತ್ರೆಯಲ್ಲಿ ಸೋರಿಯಾಸಿಸ್ ಚರ್ಮದಿಂದ ಕೀಲಿಗೆ ಇಳಿದವರಿಗೆ ಬೇರೆ ಸಾಲು. ನನ್ನ ಬೆರಳುಗಳು ಏಲಕ್ಕಿ ಬಾಳೆಹಣ್ಣಿನ ಹಾಗೆ ಊದಿದ್ದವು, ಉಗುರಿನ ಮೇಲೆಲ್ಲ ಸೂಜಿ ಚುಚ್ಚಿದಂಥ ಗುಳಿ. ಅವಳ ಬೆರಳು ನೋಡಿದರೆ ಎಳೆ ಹುರುಳಿಕಾಯಿ. "ನಿಂಗೇನೇ ರೋಗ? ಸುಮ್ನೆ ನಮ್ ಸಾಲಲ್ಲಿ ಬಂದು ನಿಂತಿದೀಯಲ್ಲ!" ಎಂದು ಕೂಗಾಡಿದೆ. ಒಳಗಿನಿಂದ ಡಾಕ್ಟರಮ್ಮ ಬಂದು, ಕೂಗಬೇಡಿ ಅಜ್ಜಿ ಎಂದರು.

"ಪಾಟಿ, ಕತ್ತಾದೀಂಗ. ಇಬ್ಬರದೂ ಒಂದೇ ಕಾಯಿಲೆ. ನಿಮಗೆ ಬೆರಳು ಹಿಡೀತು, ಅವರಿಗೆ ಬೆನ್ನು. ಒಂದೊಂದು ಕಡೆಯವರಲ್ಲಿ ಒಂದೊಂದು ತರ ಜಾಸ್ತಿ ಬರುತ್ತೋ ಏನೋ, ನಮಗೂ ಪೂರ್ತಿ ತಿಳೀದು. ಅದಕ್ಕೇ ಎಲ್ಲರ ಹುಟ್ಟೂರು ಬರ್ಕೊಳ್ತಿದೀವಿ."

"ನಲವತ್ತು ವರ್ಷ ಈ ಊರ ನೀರು ಕುಡಿದಿದೀನಿ. ಬೆರಳಿನ್ನೂ ಕೋಲಾರದ್ದೇನಾ?"

ಡಾಕ್ಟರಮ್ಮ ನಕ್ಕರು. ಬೆಟ್ಟದವಳಿಗೆ ಒಂದಕ್ಷರ ತಿಳಿಯಲಿಲ್ಲ, ಅವಳೂ ನಕ್ಕಳು.

ಆಮೇಲೆ ಪ್ರತಿ ತಿಂಗಳು ಒಂದೇ ಬೆಂಚು. ನನ್ನ ನೀರಿನ ಬಾಟಲಿಯ ಮುಚ್ಚಳ, ಸೆರಗಿನ ಪಿನ್ನು ಅವಳು ತೆಗೆಯುತ್ತಿದ್ದಳು. ಅವಳ ಚಪ್ಪಲಿಯ ಪಟ್ಟಿ ನಾನು ಬಗ್ಗಿ ಸರಿಮಾಡುತ್ತಿದ್ದೆ. ಇಬ್ಬರನ್ನೂ ಸೇರಿಸಿದರೆ ಒಂದು ನೆಟ್ಟಗಿನ ಹೆಂಗಸು ಆಗುತ್ತಿತ್ತು. ಮೈಯಿಂದ ಹೊಟ್ಟು ಉದುರುವವರ ಪಕ್ಕ ಯಾರೂ ಕೂರುವುದಿಲ್ಲ, ಬೆಂಚಿನ ಎರಡು ಕೊನೆಯೂ ಖಾಲಿ. ಗಂಡ ಸತ್ತ ಮೇಲೆ ನನ್ನ ಕೈಯಿಂದ ಯಾರೂ ಏನೂ ತಿಂದಿರಲಿಲ್ಲ. ಇವಳು ನನ್ನ ಡಬ್ಬಿಗೆ ಕೈ ಹಾಕಿ ಚಿತ್ರಾನ್ನ ತಿಂದು, ತನ್ನ ರೊಟ್ಟಿ ಮುರಿದು ಕೊಟ್ಟಳು.

ಒಂದು ತಿಂಗಳು ಆ ರೊಟ್ಟಿ ನನ್ನ ಬಾಯಿಗೆ ಹೋಗಲಿಲ್ಲ. ಬಾಯಿ ತುಂಬ ಹುಣ್ಣು. ಅವಳು ಗದ್ದ ಹಿಡಿದು ಬಾಯಿ ತೆರೆಸಿ ನೋಡಿದಳು. ಹೇಳದೆ ಕೇಳದೆ ನನ್ನ ಚೀಲ ಸುರಿದಳು. ಹಲ್ಲಿನಲ್ಲಿ ಹರಿದ ಮಾತ್ರೆಪಟ್ಟಿಯಲ್ಲಿ ಐದು ಮನೆ ಖಾಲಿ. ವಾರಕ್ಕೊಂದು ನುಂಗಬೇಕಾದ ಮಾತ್ರೆ ಅದು. ವಾರಕ್ಕೊಂದರಿಂದ ಇಷ್ಟು ಗುಣವಾದರೆ ದಿನಕ್ಕೊಂದರಿಂದ ಬೇಗ ತೊಲಗಲಿ ಎಂದು ಐದು ದಿನ ನುಂಗಿದ್ದೆ. ದಡ್ಡತನ.

"ಪಾಗಲ್ ಹೋ ಕ್ಯಾ ದೀದಿ?" ಎಂದು ಒಂದೇ ಬೆರಳೆತ್ತಿ ತೋರಿಸಿ, ಸಾಲನ್ನೆಲ್ಲ ತಳ್ಳಿಕೊಂಡು, ಬಾಗದ ಬೆನ್ನಿನಲ್ಲಿ ನನ್ನನ್ನು ಒಳಕ್ಕೆ ಎಳೆದುಕೊಂಡು ಹೋದಳು. ಇನ್ನೂ ನಾಲ್ಕು ದಿನ ಬಿಟ್ಟಿದ್ದರೆ ಪಾಟಿ ಇರುತ್ತಿರಲಿಲ್ಲ ಎಂದರು ಡಾಕ್ಟರಮ್ಮ. ಹಾಸಿಗೆ ಕೊಟ್ಟು ಮಲಗಿಸಿಕೊಂಡರು.

ಗುಣವಾದ ಮೇಲೆ ಅವಳೇ ಏರ್ಪಾಡು ಮಾಡಿದಳು. ಅವಳ ಮಾತ್ರೆ ಹನುಮಂತನ ಮಂಗಳವಾರ, ನನ್ನದು ಪೆರುಮಾಳಿನ ಶನಿವಾರ. ಶನಿವಾರ ಊಟದ ಹೊತ್ತಿಗೆ ಫೋನ್ ಮಾಡಿ "ಖಾಯಾ?" ಎನ್ನುತ್ತಿದ್ದಳು, ಮಾತ್ರೆ ತಿಂದೆಯಾ ಎಂದು. ನಾನು "ಖಾಯಾ" ಎಂದರೆ ಇಟ್ಟುಬಿಡುತ್ತಿದ್ದಳು. ಮಂಗಳವಾರ ನಾನು ಕೇಳುತ್ತಿದ್ದೆ, ಅವಳು ಹೇಳುತ್ತಿದ್ದಳು. ನಮ್ಮ ಮಾತೆಲ್ಲ ಅಷ್ಟೇ. ವಾರವಿಡೀ ಯಾರೂ ಬಾಗಿಲು ತಟ್ಟದ ಕೋಣೆಗೆ ಅಷ್ಟು ಸಾಕಿತ್ತು.

ಅವಳ ಗಂಡನ ಕೆಲಸ ಮುಗಿದು ಇಬ್ಬರೂ ಊರಿಗೆ ಹೋದರು. ಹೋಗುವ ದಿನ ನನ್ನ ಪಟ್ಟಿಯ ಮಾತ್ರೆಯೆಲ್ಲ ಬಿಡಿಸಿ, ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿ ಕೊಟ್ಟಳು. ಬೆಟ್ಟದಿಂದಲೂ ಫೋನ್ ತಪ್ಪಲಿಲ್ಲ. ಅಲ್ಲಿ ಚಳಿಗೆ ಅವಳ ಚರ್ಮ ಸೀಳುತ್ತಿತ್ತು, ಇಲ್ಲಿ ಬೆವರಿಗೆ ನನ್ನದು ಉರಿಯುತ್ತಿತ್ತು. "ಖಾಯಾ?" "ಖಾಯಾ."

ಒಂದು ಶನಿವಾರ ಫೋನ್ ಬರಲಿಲ್ಲ. ಮಂಗಳವಾರ ನಾನು ಮಾಡಿದರೆ ಅವಳ ಗಂಡ ಎತ್ತಿದ. ಅವನ ತಮಿಳು ಚೆನ್ನಾಗಿತ್ತು. "ಪೋಯಿಟ್ಟಾಂಗಮ್ಮಾ" ಎಂದ. ಹೋಗಿಬಿಟ್ಟಳು. ಎದೆಯಲ್ಲಿ ಕಫ ಕಟ್ಟಿತಂತೆ.

ನಾನು ಅಳಲಿಲ್ಲ. ಆ ವಾರ ಮಾತ್ರೆ ಮರೆತೆ.

ಬೆರಳು ಮತ್ತೆ ಊದಿದ್ದು ಕಂಡು ಪಕ್ಕದ ಮನೆಯಾಕೆ ಫೋನಿನಲ್ಲಿ ಅಲಾರಂ ಇಟ್ಟುಕೊಟ್ಟಿದ್ದಾಳೆ. ಶನಿವಾರ ಹೊಡೆದುಕೊಳ್ಳುತ್ತದೆ. ಮಾತ್ರೆ ನುಂಗಿ "ಖಾಯಾ" ಎನ್ನುತ್ತೇನೆ. ಅಷ್ಟರಲ್ಲಿ ಅದು ನಿಂತಿರುತ್ತದೆ.