ಶುಕ್ರವಾರದ ಹೆಪ್ಪು

ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ಗುಂಡ್ಲುಪೇಟೆ ಹತ್ತಿರದ ನಮ್ಮೂರ ಗ್ರಂಥಾಲಯದಲ್ಲಿ, ಸಂಜೆ ಹೊತ್ತು, ಬಂದವರಿಗೆ ಕಂಪ್ಯೂಟರು ಹೇಳಿಕೊಡುತ್ತಿದ್ದೇನೆ. ಇರುವುದು ಎರಡು, ಒಂದರ ಮೌಸ್ ಸರಿಯಿಲ್ಲ. ಫೋಲ್ಡರ್ ಎಂದರೇನು, ಇಂಟರ್‌ನೆಟ್ ಎಲ್ಲಿರುತ್ತದೆ ಎಂದು ಹೇಳಿ ಹೇಳಿ ಗಂಟಲು ಸೋತಿದೆ. ಮಾರನೆಯ ದಿನ ಮತ್ತೆ ಅದೇ ಪ್ರಶ್ನೆ. ನನಗೋ ಪುಸ್ತಕದ ಮಾತಿನಲ್ಲಿ ಹೇಳಲು ಬಾರದು. ಅಜ್ಜಿಯ ಬಾಯಿಂದ ಕಲಿತ ಭಾಷೆ ನನ್ನದು. ಫೋಲ್ಡರಿಗೆ ಗಂಟು ಎನ್ನುತ್ತೇನೆ, ಪಾಸ್‌ವರ್ಡಿಗೆ ಸೊಂಟಕ್ಕೆ ಸಿಕ್ಕಿಸಿದ ಬೀಗದ ಕೈ ಎನ್ನುತ್ತೇನೆ.

ಹಾಗೆ ಬರುತ್ತಿದ್ದವರಲ್ಲಿ ಅರಿಸಿನದ ಮಂಡಿಯಲ್ಲಿ ಕೊಂಬು ಆರಿಸುವ ಹೆಂಗಸೊಬ್ಬಳು. ಆ ದೂಳಿಗೆ ಅವಳಿಗೆ ಕೆಮ್ಮು ಹತ್ತಿತ್ತು. ಅವಳ ಬೀದಿಯ ಅಂಗನವಾಡಿಗೆ ಸಹಾಯಕಿ ಬೇಕೆಂದು ಅರ್ಜಿ ಕರೆದಿದ್ದರು. ಅರ್ಜಿಯನ್ನು ಇಂಟರ್‌ನೆಟ್ಟಿನಲ್ಲೇ ಹಾಕಬೇಕು. ಇನ್ನೊಂದು ವರ್ಷ ಕಳೆದರೆ ಅವಳ ವಯಸ್ಸು ಮೀರುತ್ತಿತ್ತು.

ಗುರುವಾರ ಕೂತು ಎಲ್ಲ ತುಂಬಿದೆವು. ಫೋನಿನಲ್ಲಿದ್ದ ಅಂಕಪಟ್ಟಿಯ ಫೋಟೊ ಕಳಿಸುವುದೊಂದು ಉಳಿದಿತ್ತು. ಅವಳು ಬೆರಳು ಹಿಂದೆಳೆದುಕೊಂಡಳು.

"ಕಳ್ಸ್‌ಬುಟ್ರೆ ನನ್ ತಾವು ಇರಕಿಲ್ವಾ ಮೇಷ್ಟ್ರೇ?"

"ಇರ್ತದೆ ಕಣವ್ವ. ಪಕ್ಕದ ಮನೆಗೆ ಒಂದು ಚಮಚ ಹೆಪ್ಪು ಕೊಟ್ರೆ ನಿನ್ನ ಮೊಸರು ಖಾಲಿಯಾಯ್ತದಾ? ಅಲ್ಲೂ ಗಡಿಗೆ ತುಂಬ ಆಯ್ತದೆ, ಇಲ್ಲೂ ಇರ್ತದೆ. ಕಾಪಿ ಅಂದ್ರೆ ಅಷ್ಟೆಯ."

ಅವಳ ಮುಖ ಅರಳಿತು. ಅಷ್ಟರಲ್ಲಿ ಕರೆಂಟು ಹೋಯಿತು, ಅದರ ಜೊತೆ ನೆಟ್ಟೂ ಹೋಯಿತು. ನಾಳೆ ಶುಕ್ರವಾರ ಕೊನೆಯ ದಿನ, ಫೋನಿನಿಂದಲೇ ಕಳಿಸು ಎಂದು ಹೇಳಿ, ಒತ್ತುವ ಜಾಗವನ್ನು ಮೂರು ಸಲ ತೋರಿಸಿದೆ. ಮಾರನೆಯ ದಿನ ಕಣ್ಣು ತೋರಿಸಲು ಚಾಮರಾಜನಗರಕ್ಕೆ ಹೋಗಿದ್ದವನು ಸುಸ್ತಾಗಿ ಬಂದು ಮಲಗಿದೆ. ಅವಳಿಗೊಂದು ಫೋನು ಮಾಡಬಹುದಿತ್ತು. ಮಾಡಲಿಲ್ಲ.

ಶನಿವಾರ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿರುವಾಗಲೇ ಬಾಗಿಲಲ್ಲಿ ನಿಂತಿದ್ದಳು.

"ಆರು ಗಂಟೆಯಿಂದ ಒತ್ತಾವ್ನಿ, ತಕ್ಕತಾ ಇಲ್ಲ. ನೆಟ್ ನಿದಾನ ಅದಾ ನೋಡಿ."

"ನೆನ್ನೆ ಕಳಿಸಲಿಲ್ವೇನವ್ವ?"

"ಎಂಗ್ ಕಳ್ಸನ? ಮಂಡಿಯಿಂದ ಬರಾ ಒತ್ಗೆ ನಮ್ಮತ್ತೆ ದೀಪ ಅಚ್ಬುಟ್ಟಿದ್ರು. ಶುಕ್ರವಾರ, ದೀಪ ಅಚ್ಚುದ್ ಮೇಲೆ ಮನೆಯಿಂದ ಹೆಪ್ಪು ಕೊಟ್ಟಾರಾ ಯಾರಾದ್ರೂ? ನೀವೇ ತಾನೆ ಹೆಪ್ಪು ಅಂತ ಯೋಳಿದ್ದು?"

ಬಾಯಲ್ಲಿದ್ದ ನೊರೆ ಉಗಿಯುವುದೂ ಮರೆತುಹೋಯಿತು.

"ಕೊನೇ ದಿನ ಅಂತ ಹೇಳಿದ್ನಲ್ಲ!"

"ಯೋಳಿದ್ರಿ. ಅವರು ಆಪೀಸು ತಗಿಯಾದೇ ಅತ್ತು ಗಂಟೆಗೆ. ಬೀಗ ತಗಿಯಾಕ್ ಮುಂಚೇನೇ ಬಾಗ್ಲಲ್ಲಿ ಇದ್ರೆ ಆಯ್ತಲ್ಲ, ಅಂದ್ಕಂಡೆ."

ತಪ್ಪೆನ್ನಲು ಏನಿತ್ತು ಅದರಲ್ಲಿ? ಹಾಲಿನ ಡೈರಿ, ಪಂಚಾಯ್ತಿ, ಮಂಡಿ, ಎಲ್ಲ ಕಡೆಯೂ ನಡೆಯುವುದು ಹಾಗೆಯೇ. ಆ ಕಡೆ ಕಾಯುವವರು ಯಾರೂ ಇರುವುದಿಲ್ಲ, ಯಾವುದೋ ಊರಿನ ಯಂತ್ರವೊಂದು ರಾತ್ರಿ ಹನ್ನೆರಡು ಹೊಡೆಯುತ್ತಲೇ ತಾನಾಗಿ ಬಾಗಿಲು ಹಾಕಿಕೊಳ್ಳುತ್ತದೆ ಎಂದು ನಾನು ಹೇಳಿಕೊಡಬೇಕಿತ್ತು. ಅಷ್ಟು ಹೋಲಿಕೆ ಕಟ್ಟುವವನಿಗೆ ಅದೊಂದು ಹೊಳೆದಿರಲಿಲ್ಲ.

ಸೋಮವಾರ ಅವಳ ಜೊತೆ ಚಾಮರಾಜನಗರದ ಕಚೇರಿಗೆ ಹೋದೆ. ನನ್ನ ತಪ್ಪು ಸ್ವಾಮಿ, ಇವಳದಲ್ಲ ಎಂದೆ. ಗುಮಾಸ್ತರು ಒಳ್ಳೆಯವರೇ. ಕುರ್ಚಿ ಎಳೆದು ಕೊಟ್ಟರು.

"ಕಾಗದ ಆಗಿದ್ರೆ ಇಸ್ಕೊಂಡು ಕಟ್ಟಿನ ಅಡಿಗಿಡ್ತಿದ್ದೆ ಮೇಷ್ಟ್ರೇ. ಇದ ನಾನೂ ನಿಮ್ಮಂಗೆ ನೋಡ್ಬೇಕಷ್ಟೆ, ತೆರೆಯಕ್ಕಾಗಲ್ಲ."

"ಮತ್ತೆ ಕರೆಯಾದ್ ಯಾವಾಗ ಸ್ವಾಮಿ?" ಎಂದು ಕೇಳಿದಳು.

"ಯಾರೂ ಆಯ್ಕೆಯಾಗದಿದ್ರೆ ಕರೀತಾರೆ. ಯಾವಾಗ ಅಂತ ಹೇಳಕ್ಕಾಗಲ್ಲಮ್ಮ."

ವಾಪಸು ಬಸ್ಸು ತೆರಕಣಾಂಬಿಗೆ ಬಂದಿತ್ತು. ಅವಳು ಸೆರಗಿಗೆ ಕೆಮ್ಮುತ್ತ ಕಿಟಕಿಯಾಚೆ ನೋಡುತ್ತಿದ್ದಳು. ಬೈದಿದ್ದರೆ ಹಗುರಾಗುತ್ತಿತ್ತು.

"ತಿರ್ಗ ಕರುದ್ರೆ ನನ್ ಫೋನ್‌ಗೆ ಬತ್ತದಾ?" ಎಂದಳು ಕೊನೆಗೆ.

ಹೋಲಿಕೆಯೊಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಬರಲ್ಲವ್ವ. ನಾವೇ ದಿನಾ ಆ ಪುಟ ತೆಗೆದು ನೋಡ್ಬೇಕು."

"ಎಂಗೆ ತಗಿಯಾದು? ತೋರ್ಸಿ. ನಾನೇ ಒತ್ತೀನಿ, ನೀವು ಮುಟ್ಬ್ಯಾಡಿ."

ಒತ್ತಿದಳು. ಆ ದಾರಿಯಲ್ಲಿ ಸಿಗ್ನಲ್ ಸರಿಯಿಲ್ಲ. ಬಿಳಿ ಪರದೆಯ ನಡುವೆ ಸಣ್ಣ ಚಕ್ರವೊಂದು ಸುತ್ತುತ್ತಿತ್ತು. ಎರಡೂ ಕೈಯಲ್ಲಿ ಫೋನು ಹಿಡಿದು, ಬಸ್ಸು ಎತ್ತಿ ಹಾಕಿದಾಗಲೂ ಕಣ್ಣು ತೆಗೆಯದೆ, ಅವಳು ಅದನ್ನೇ ನೋಡುತ್ತ ಕೂತಿದ್ದಳು.