ಟೈರ್ ಮೇಸ್ತ್ರಿಯ ಎಣಿಕೆ

ಅವರ ಬಲ ಅಂಗೈಯಲ್ಲಿ ಒಂದು ಗೆರೆಯೂ ಇರಲಿಲ್ಲ. ವರ್ಷಗಟ್ಟಲೆ ಬಿಸಿ ರಬ್ಬರಿನ ಮೇಲೆ ಇಟ್ಟೂ ಇಟ್ಟೂ ಆಯುಸ್ಸಿನ ಗೆರೆ, ಸಂಸಾರದ ಗೆರೆ ಎಲ್ಲ ಅಳಿಸಿಹೋಗಿ, ಅಂಗೈ ನುಣ್ಣಗೆ ಹಳದಿ ಬಣ್ಣಕ್ಕೆ ತಿರುಗಿತ್ತು. ಕಣಿ ಹೇಳುವವಳೊಬ್ಬಳು ಅಂಗಡಿಗೆ ಬಂದು ಆ ಕೈ ಹಿಡಿದು ನೋಡಿದವಳೇ ಏನೂ ಹೇಳದೆ ಬುಟ್ಟಿ ಎತ್ತಿಕೊಂಡು ಹೋದಳಂತೆ. ಅದನ್ನು ಅವರೇ ನಗುತ್ತ ಹೇಳುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಜಗಳೂರು ಕಡೆಯವರು. ನ್ಯಾಮತಿಯಲ್ಲಿ ಸವಳಂಗದ ರಸ್ತೆಗೆ ಮುಖ ಮಾಡಿ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದರು. ಊರಿಗೆಲ್ಲ ಟೈರ್ ಮೇಸ್ತ್ರಿ, ನನಗೆ ಬರೀ ಮೇಸ್ತ್ರಿ. ಗಾಡಿ ಬಂದು ನಿಂತರೆ ಅವರು ಒಳಗೆ ಇಣುಕುತ್ತಿರಲಿಲ್ಲ. ಟೈರಿನ ಹೊಟ್ಟೆ ಎಷ್ಟು ಉಬ್ಬಿದೆ ನೋಡಿ, ಒಮ್ಮೆ ಅಂಗೈ ಒತ್ತಿ, "ಆರು ಜನ ಇಳೀರಿ, ಜಾಕಿ ಹಾಕ್ಬೇಕು" ಎನ್ನುತ್ತಿದ್ದರು. ಕಪ್ಪು ಗಾಜಿನ ವ್ಯಾನಿನಿಂದ ಆರೇ ಜನ ಇಳಿಯುತ್ತಿದ್ದರು. ಎದುರಿನ ಟೀ ಅಂಗಡಿಯವರಿಗೆ ಅದೊಂದು ಪುಕ್ಕಟೆ ತಮಾಷೆ.

ತಮಾಷೆ ಅಲ್ಲದ ದಿನವೂ ಒಂದಿತ್ತು. ಸೂಳೆಕೆರೆ ಕಡೆಯಿಂದ ಒಂದು ಜೀಪು ಬಂತು. ನಾನು ಅಲ್ಲೇ ಬೆಂಚಿನ ಮೇಲೆ ಕೂತಿದ್ದೆ. ಮೇಸ್ತ್ರಿ ಅಭ್ಯಾಸದಂತೆ ಮುಂದಿನ ಎಡಗಡೆ ಟೈರು ಒತ್ತಿ, "ನಾಲ್ಕೂ ಜನ ಇಳೀರಪ್ಪ" ಎಂದರು. ಮೂವರು ಇಳಿದರು. ಮೇಸ್ತ್ರಿ ಜಾಕಿ ಹಿಡಿದುಕೊಂಡು ಕಾಯುತ್ತಲೇ ಇದ್ದರು. "ಇನ್ನೊಬ್ಬರು? ಮುಂದೆ ಕೂತಾರಲ್ಲ, ಅವರು?" ಮೂವರಲ್ಲಿ ಒಬ್ಬ ಅಲ್ಲೇ ಕುಕ್ಕರಗಾಲಲ್ಲಿ ಕೂತು ಅಳತೊಡಗಿದ. ಮೀನಿಗೆ ಹೋದ ಅವನ ಅಣ್ಣ ಕೆರೆಯಲ್ಲಿ ಮುಳುಗಿ ಎರಡು ದಿನವಾಗಿತ್ತು, ಹೆಣ ಸಿಕ್ಕಿರಲಿಲ್ಲ. ನೀರಿನ ತಳ ಹುಡುಕುವವನೊಬ್ಬ ಸವಳಂಗದ ಹತ್ತಿರ ಇದ್ದಾನೆಂದು ಕರೆತರಲು ಹೊರಟಿದ್ದರು.

ಅವರು ಹೋದ ಮೇಲೆ ನಾನು, "ಒದ್ದೆ ಬಲೆ ಇತ್ತಲ್ಲ ಮೇಸ್ತ್ರಿ, ಅದರ ಭಾರ ಇರ್ಬೇಕು" ಎಂದೆ. ನನಗೆ ಎಲ್ಲದಕ್ಕೂ ಒಂದು ಕಾರಣ ಬೇಕು.

"ಬಲೆ ಹಿಂದಿತ್ತು ತಮ್ಮಾ," ಎಂದರು. "ನಾನು ಒತ್ತಿದ್ದು ಮುಂದಿನ ಟೈರು."

ಇನ್ನು ನನ್ನ ವಿಷಯ ಹೇಳಬೇಕು, ಅದನ್ನು ಹೇಳದೆ ಮೇಸ್ತ್ರಿಯನ್ನು ಹೇಳಲಾಗುವುದಿಲ್ಲ. ನಾನು ಹೊನ್ನಾಳಿಯವನು. ಕಾರ್ ರೇಸಿನಲ್ಲಿ ಅನ್ನ ಹುಡುಕಿದವನು. ಮೊದಲು ಕಾಡು, ಗುಡ್ಡಗಳ ಮಣ್ಣುದಾರಿಯ ರ‍್ಯಾಲಿಗಳಲ್ಲಿ ಓಡಿಸುತ್ತಿದ್ದೆ. ಅಲ್ಲಿ ಎಡಗಡೆ ಸೀಟಿನಲ್ಲಿ ಒಬ್ಬ ದಾರಿ ಓದುವವನು ಇರುತ್ತಾನೆ. ಮುಂದಿನ ತಿರುವು ಎಂಥದ್ದು ಎಂದು ಪುಸ್ತಕ ನೋಡಿ ಕೂಗುತ್ತಾನೆ, ಡ್ರೈವರು ಕಣ್ಣಿಗಿಂತ ಹೆಚ್ಚು ಅವನ ಮಾತನ್ನು ನಂಬಬೇಕು. ನನಗೆ ಓದುತ್ತಿದ್ದವನು ಚನ್ನಗಿರಿಯ ಗೆಳೆಯ. ಒಂದು ರ‍್ಯಾಲಿಯಲ್ಲಿ ಅವನು "ಎಡಕ್ಕೆ, ನಿಧಾನ" ಎಂದ. ನನಗೆ ಗೆಲ್ಲುವ ಹುಚ್ಚು, ನಿಧಾನ ಮಾಡಲಿಲ್ಲ. ಕಾರು ಎಡಬದಿಯಿಂದ ಮರಕ್ಕೆ ಬಡಿಯಿತು. ನಾನು ಉಳಿದೆ.

ಅವನು ಏನು ಓದಿದ ಎಂದು ವಿಚಾರಣೆಯಲ್ಲಿ ಕೇಳಿದರು. "ಅವನು ನೇರ ಅಂದ" ಎಂದುಬಿಟ್ಟೆ. ನನ್ನ ರೇಸಿನ ಲೈಸೆನ್ಸ್ ಉಳಿಯಿತು. ಅವನು ತಪ್ಪು ಓದಿ ಸತ್ತವನಾದ, ಚನ್ನಗಿರಿಯಲ್ಲಿ ಅವನ ತಾಯಿಯ ಕಿವಿಗೂ ಅದೇ ಮಾತು ಬಿತ್ತು. ನಾನು ಆ ಮನೆಯ ಕಡೆ ತಲೆ ಹಾಕಲಿಲ್ಲ.

ಆಮೇಲೆ ರ‍್ಯಾಲಿ ಬಿಟ್ಟು ಟ್ರ್ಯಾಕಿನ ರೇಸಿಗೆ ಬಂದೆ. ಅಲ್ಲಿ ಡ್ರೈವರ್ ಒಬ್ಬನೇ. ಪಕ್ಕದ ಸೀಟು ಕಿತ್ತುಹಾಕಿ ಬರೀ ತಗಡು ಬಿಟ್ಟಿರುತ್ತಾರೆ. ಅದೇ ನನಗೆ ಬೇಕಾಗಿತ್ತು. ದಾವಣಗೆರೆಯ ಒಂದು ಸಣ್ಣ ತಂಡ ನನ್ನನ್ನು ತೆಗೆದುಕೊಂಡಿತು, ಟೈರು ಬದಲಿಸಲು ನಾನು ಮೇಸ್ತ್ರಿಯನ್ನು ಕರೆದೊಯ್ದೆ.

ಎರಡು ಗಂಟೆಯ ರೇಸಿನಲ್ಲಿ ಎರಡು ಸಲ ಪಿಟ್‌ಗೆ, ಅಂದರೆ ಟ್ರ್ಯಾಕಿನ ಪಕ್ಕದ ನಮ್ಮ ಶೆಡ್ಡಿಗೆ ಬಂದು ಟೈರು ಬದಲಿಸಿ ಪೆಟ್ರೋಲು ತುಂಬಿಸಲೇಬೇಕು. ಯಾವ ಸುತ್ತಿನಲ್ಲಿ ಬರಬೇಕು ಎನ್ನುವುದರಲ್ಲೇ ಅರ್ಧ ರೇಸು. ಮ್ಯಾನೇಜರ್ ಲ್ಯಾಪ್‌ಟಾಪ್ ಇಟ್ಟುಕೊಂಡು ಲೆಕ್ಕ ಹಾಕುತ್ತಿದ್ದ. ಮೇಸ್ತ್ರಿ ಟ್ರ್ಯಾಕಿಗೆ ಬೆನ್ನು ಹಾಕಿ ಕೂತು, ಅಭ್ಯಾಸದ ಓಟದಲ್ಲಿ ಸವೆದ ಟೈರನ್ನು ತೊಡೆಯ ಮೇಲಿಟ್ಟುಕೊಂಡು ಸವರಿ, "ಹದಿನೆಂಟಕ್ಕೆ ಒಳಗೆ ಕರೀರಿ" ಎನ್ನುತ್ತಿದ್ದರು. ಉಳಿದವರು ಇಪ್ಪತ್ತಕ್ಕೋ ಇಪ್ಪತ್ತೊಂದಕ್ಕೋ ಬರುತ್ತಿದ್ದರು. "ಅವರು ಸವೆದ ಚಪ್ಪಲೀಲಿ ಜಾರಾಡ್ಲಿ. ಅಷ್ಟರಾಗೆ ನೀನು ಹೊಸಾವು ಮೆಟ್ಕೊಂಡು ಓಡು," ಎನ್ನುತ್ತಿದ್ದರು. ಮೊದಲ ರೇಸಿನಲ್ಲಿ ಐದನೆಯವನಾದೆ, ಮುಂದಿನದರಲ್ಲಿ ಮೂರನೆಯವನು, ಅದರ ಮುಂದಿನದರಲ್ಲಿ ಎರಡನೆಯವನು. ಮ್ಯಾನೇಜರ್ ಲ್ಯಾಪ್‌ಟಾಪ್ ಮುಚ್ಚಿಟ್ಟು ಮೇಸ್ತ್ರಿಗೆ ಟೀ ತಂದುಕೊಡುವಷ್ಟು ಬದಲಾದ.

ಆ ವರ್ಷದ ಕೊನೆಯ ರೇಸು. ಗೆದ್ದರೆ ಮುಂದಿನ ವರ್ಷ ದೊಡ್ಡ ತಂಡದವರು ಕರೆಯುವುದು ಹೆಚ್ಚುಕಡಿಮೆ ಖಚಿತವಾಗಿತ್ತು. ಮಟಮಟ ಮಧ್ಯಾಹ್ನ, ಕಾರಿನೊಳಗೆ ಬೆಂಕಿಯಂಥ ಸೆಕೆ. ಮೊದಲ ಸಲ ಪಿಟ್‌ಗೆ ಬಂದು ಹೋದ ಮೇಲೆ ಮೊದಲ ಸ್ಥಾನ ನನ್ನದಾಯಿತು. ಆಗ ಯಾರೋ "ಬಲಕ್ಕೆ, ಉದ್ದ ತಿರುವು" ಎಂದರು. ಹೆಲ್ಮೆಟ್ಟಿನ ರೇಡಿಯೋದಲ್ಲಿ ಮ್ಯಾನೇಜರನೊಬ್ಬನೇ ಮಾತಾಡುತ್ತಿದ್ದುದು. ಇದು ಅವನ ದನಿಯಾಗಿರಲಿಲ್ಲ. ಎಡಗಡೆಯಿಂದ, ಆ ಖಾಲಿ ತಗಡಿನ ಕಡೆಯಿಂದ ಬಂತು. ಚನ್ನಗಿರಿಯ ಗೆಳೆಯ ಹೀಗೇ ತುಸು ಮೂಗಿನಿಂದ ಓದುತ್ತಿದ್ದ.

ಸೆಕೆಗೆ ತಲೆ ಕೆಟ್ಟಿದೆ ಎಂದುಕೊಂಡೆ. ಆದರೆ ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ದನಿಯನ್ನು ಕೇಳಿಕೊಂಡೇ ಓಡಿಸಿದೆ. ಒಂದೊಂದು ಸುತ್ತೂ ಹಿಂದಿನದಕ್ಕಿಂತ ವೇಗವಾಯಿತು. ಹಿಂದಿನವನು ಕನ್ನಡಿಯಲ್ಲಿ ಕಾಣದಷ್ಟು ದೂರವಾದ. ಹಳೆಯ ದಿನಗಳೇ ವಾಪಸ್ಸು ಬಂದಂತೆ ಖುಷಿಯೂ ಆಯಿತು. ಹಾಗೆ ಹೋಗುತ್ತಿರುವಾಗ, ಉದ್ದನೆಯ ದಾರಿಯ ತುದಿಯಲ್ಲಿ, ಕಾರು ಎಡಕ್ಕೆ ತಿರುಗಲೇಬೇಕಾದ ಜಾಗದಲ್ಲಿ, ಆ ದನಿ ಶಾಂತವಾಗಿ "ನೇರ" ಎಂದಿತು.

ಅವನು ಬದುಕಿದ್ದಾಗ ಹೇಳದಿದ್ದ ಮಾತು ಅದು, ನಾನು ಅವನ ಬಾಯಿಗೆ ತುರುಕಿದ್ದು. ನನ್ನ ಕೈ ಒಂದು ಕ್ಷಣ ಕೇಳಿಯೇಬಿಟ್ಟಿತು. ಗೋಡೆ ಎದುರಿಗೆ ಬಂದಾಗ ಹೇಗೋ ತಿರುಗಿಸಿದೆ. ಅದೇ ಸುತ್ತಿನ ಕೊನೆಗೆ ಪಿಟ್‌ಗೆ ಬರಬೇಕಿತ್ತು, ಬಂದೆ.

ಟೈರುಗಳು ಬದಲಾದವು, ಪೆಟ್ರೋಲು ತುಂಬಿತು, ಕಾರು ಜಾಕಿಯಿಂದ ಕೆಳಗಿಳಿಯಿತು. ಮೇಸ್ತ್ರಿ ಮುಂದಿನ ಎಡ ಟೈರಿನ ಹತ್ತಿರ ಕುಕ್ಕರಗಾಲಲ್ಲೇ ಇದ್ದರು, ಏಳಲಿಲ್ಲ. ಅಂಗೈ ಒತ್ತಿದರು. ಮತ್ತೊಮ್ಮೆ ಒತ್ತಿದರು. ಮ್ಯಾನೇಜರ್ "ಹೋಗು, ಹೋಗು" ಎಂದು ರೇಡಿಯೋದಲ್ಲಿ ಕಿರುಚುತ್ತಿದ್ದ. ಮೇಸ್ತ್ರಿ ಎದ್ದು ನನ್ನ ಕಿಟಕಿಗೆ ಬಂದು, ನನ್ನನ್ನು ದಾಟಿ ಆಚೆ ಬದಿಗೆ ನೋಡುತ್ತ ಕೇಳಿದರು:

"ಪಕ್ಕದಾಗೆ ಯಾರನ್ನ ಕೂರಿಸ್ಕೊಂಡಿದೀಯ ತಮ್ಮಾ?"

ನನಗೆ ಉತ್ತರ ಗೊತ್ತಿತ್ತು. ಅದಕ್ಕೇ ಬಾಯಿಗೆ ಬಂದಂತೆ ಬೈದೆ. ಮುದಿಯಾ, ದಾರಿ ಬಿಡು ಎಂದೆ. ಬಾನೆಟ್ಟಿನ ಪಕ್ಕ, ಹೊರಗಿನಿಂದಲೇ ಇಂಜಿನ್ ಆರಿಸಲು ಒಂದು ಕೆಂಪು ಹಿಡಿ ಇರುತ್ತದೆ, ಅಪಘಾತವಾದರೆ ಬೇಕಾಗುವಂಥದ್ದು. ಮೇಸ್ತ್ರಿ ಅದನ್ನು ಎಳೆದರು. ಎಳೆದದ್ದಷ್ಟೇ ಅಲ್ಲ, ತಂತಿ ಸಮೇತ ಕಿತ್ತು ಕೈಯಲ್ಲಿ ಹಿಡಿದುಕೊಂಡು ಕಾರಿನ ಮುಂದೆ ನಿಂತರು. ಕಾರು ಸತ್ತುಹೋಯಿತು. ನನ್ನ ಹಿಂದಿದ್ದವರೆಲ್ಲ ಒಬ್ಬೊಬ್ಬರಾಗಿ ದಾಟಿ ಹೋದರು.

ಫಲಿತಾಂಶದ ಪಟ್ಟಿಯ ತಳದಲ್ಲಿ ನನ್ನ ಹೆಸರಿನ ಮುಂದೆ "ಮುಗಿಸಲಿಲ್ಲ" ಎಂದು ಬಂತು. ಕಾರನ್ನು ಬಿಚ್ಚಿ ನೋಡಿದರು. ಸ್ಪ್ರಿಂಗು, ಬೋಲ್ಟು, ಬ್ರೇಕು, ಎಲ್ಲ ಸರಿಯಾಗಿತ್ತು, ಒಂದು ಕೂದಲೆಳೆಯಷ್ಟು ದೋಷವಿರಲಿಲ್ಲ. ಮ್ಯಾನೇಜರ್ ಮೇಸ್ತ್ರಿಯನ್ನು ಅಲ್ಲೇ ಕೆಲಸದಿಂದ ಬಿಡಿಸಿದ. ನಾನು ಅಡ್ಡ ಬರಲಿಲ್ಲ. ಅವರು ಕೈಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹುಡುಕಿಕೊಂಡು ಹೋದರು. ನನ್ನ ಜೀವನದಲ್ಲಿ ನಾನು ಮಾಡಿದ ಎರಡನೇ ದ್ರೋಹ ಅದು.

ಎರಡು ತಿಂಗಳ ನಂತರ ನ್ಯಾಮತಿಗೆ ಹೋದೆ. ಮೇಸ್ತ್ರಿ ಕೆಮ್ಮುತ್ತ ಮಂಚದ ಮೇಲೆ ಕೂತಿದ್ದರು, ಎದೆ ಹಾರುತ್ತಿತ್ತು. ಬೈದದ್ದಕ್ಕೆ ತಪ್ಪಾಯ್ತು ಎಂದೆ. ಆಮೇಲೆ ತಡೆಯಲಾಗದೆ ರ‍್ಯಾಲಿಯ ಕಥೆಯನ್ನೂ, "ನೇರ" ಎಂದ ಸುಳ್ಳನ್ನೂ ಹೇಳಿದೆ. ಅದನ್ನು ಕೇಳಿದ ಮೊದಲ ಮನುಷ್ಯ ಅವರೇ. ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

"ಅವನೇನು ನಿನ್ನ ಬೆನ್ನು ಹತ್ತಿಲ್ಲ," ಎಂದರು. "ನೀನೇ ಇಳಿಯಾಕೆ ಬಿಟ್ಟಿಲ್ಲ. ಅವರ ಮನೆ ಮುಂದೆ ಇಳಿಸಿ ಬಾರಪ್ಪ. ನಾನು ಬೇಕಾದ್ರೆ ಜೊತೆಗೆ ಬರ್ತೀನಿ, ಇದೊಂದು ಕೆಮ್ಮು ಕಮ್ಮಿ ಆಗ್ಲಿ."

ಕೆಮ್ಮು ಕಮ್ಮಿಯಾಗಲಿಲ್ಲ. ನಾನೂ ಅದನ್ನೇ ನೆಪ ಮಾಡಿಕೊಂಡು ದಿನ ತಳ್ಳಿದೆ. ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಮೇಸ್ತ್ರಿ ತೀರಿಕೊಂಡ ಸುದ್ದಿ ಬಂತು. ಜಗಳೂರಿನ ಹತ್ತಿರದ ಅವರ ಊರಿನಲ್ಲಿ, ಅವರ ಜನರ ಪದ್ಧತಿಯಂತೆ ಕೂರಿಸಿಯೇ ಮಣ್ಣು ಮಾಡಿದರು. ನಾನೂ ಒಂದು ಹಿಡಿ ವಿಭೂತಿ, ಬಿಲ್ವಪತ್ರೆ ಹಾಕಿದೆ. ನನಗೆ ಜೋರಾಗಿ ಅಳು ಬಂತು. ಯಾರೋ "ಮಗನೇನ್ರೀ?" ಎಂದು ಕೇಳಿದರು.

ಅಲ್ಲಿಂದ ಹೊನ್ನಾಳಿಗೆ ಹೊರಟವನು, ದಾವಣಗೆರೆ ದಾಟುವಾಗ ಕಾರನ್ನು ಚನ್ನಗಿರಿ ರಸ್ತೆಗೆ ತಿರುಗಿಸಿದೆ. ಸ್ವಲ್ಪ ದೂರ ಹೋಗಿದ್ದೆ, ಎಡ ಸೀಟಿಗೆ ಬೆಲ್ಟ್ ಹಾಕಿಲ್ಲವೆಂದು ಕಾರು ಟಿಂಗ್ ಟಿಂಗ್ ಎನ್ನತೊಡಗಿತು. ಆ ಸೀಟಿನ ಮೇಲೆ ಒಂದು ಕಾಗದದ ಚೂರೂ ಇರಲಿಲ್ಲ. ಬಿಸಿಲು ಚೆನ್ನಾಗಿತ್ತು, ರಸ್ತೆಯಲ್ಲಿ ಜನ ಓಡಾಡುತ್ತಿದ್ದರು. ಕಾರು ನಿಲ್ಲಿಸಿ, ಬಗ್ಗಿ, ಖಾಲಿ ಸೀಟಿಗೆ ಬೆಲ್ಟ್ ಹಾಕಿದೆ. ಸದ್ದು ನಿಂತಿತು. ನಾನು ಮತ್ತೆ ಹೊರಟೆ.

ಅವನ ಮನೆ ನಾನು ನೋಡಿದವನಲ್ಲ. ಚನ್ನಗಿರಿಯಲ್ಲಿ ಯಾರನ್ನೂ ಕೇಳಲೂ ಇಲ್ಲ. ಎಡ ಸೀಟಿನ ದನಿ ಬಲಕ್ಕೆ ಎಂದಾಗ ಬಲಕ್ಕೆ ತಿರುಗಿದೆ. ನೀರಿನ ಟ್ಯಾಂಕಿನ ಹತ್ತಿರ "ಎಡಕ್ಕೆ, ನಿಧಾನ" ಎಂದಿತು. ಈ ಸಲ ನಿಧಾನ ಮಾಡಿದೆ. ನೀಲಿ ಬಾಗಿಲಿನ ಒಂದು ಮನೆಯ ಮುಂದೆ ದನಿ ನಿಂತಿತು. ಬಾಗಿಲು ತೆರೆದವರ ಮುಖ ನೋಡಿದ ಕೂಡಲೇ ಅವನ ತಾಯಿ ಎಂದು ಗೊತ್ತಾಯಿತು.

ಒಳಗೆ ಕರೆದರು, ಹೋಗಲಿಲ್ಲ. ಅಂಗಳದಲ್ಲೇ ನಿಂತು ನಾನು ಯಾರು, ಏನು ಮಾಡಿದೆ, ಏನು ಹೇಳಿ ತಪ್ಪಿಸಿಕೊಂಡೆ ಎಲ್ಲ ಹೇಳಿದೆ. ಆ ತಾಯಿ ಬಯ್ಯಲಿಲ್ಲ, ಅಳಲೂ ಇಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ಕೇಳಿದರು:

"ಹಂಗಾದ್ರೆ ಅವನು ಏನಂದ?"

"ಎಡಕ್ಕೆ, ನಿಧಾನ ಅಂದ ಅಮ್ಮಾ."

"ಸರಿಯಾಗೇ ಓದಿದ್ನಾ?"

"ಸರಿಯಾಗೇ ಓದಿದ್ದ."

ಅವರು ಅಂಗಳ ದಾಟಿ ಬೀದಿಯ ಗೇಟನ್ನು ಅಗಲವಾಗಿ ತೆರೆದರು. ಅಕ್ಕಪಕ್ಕದ ಮನೆಗಳ ಜಗಲಿಯಲ್ಲಿ ಕೂತಿದ್ದವರು ಇತ್ತ ತಿರುಗಿ ನೋಡಿದರು.

"ಇಲ್ಲಿ ಬಂದು ಹೇಳು," ಎಂದರು. "ಇವರಿಗೆಲ್ಲ ಕೇಳ್ಬೇಕು, ಜೋರಾಗಿ ಹೇಳು."

ಆ ಮಾತು ವಿಚಾರಣೆಯವರಿಗೂ ಮುಟ್ಟಿ ಲೈಸೆನ್ಸು ಹೋಯಿತು, ಈಗ ರೇಸಿಗೆ ನನಗೆ ಯಾರೂ ಕಾರು ಕೊಡುವುದಿಲ್ಲ. ಆದರೆ ಬದುಕಿದ್ದೇನೆ, ಅದು ಮೇಸ್ತ್ರಿಯ ಋಣ. ಆವತ್ತು ಚನ್ನಗಿರಿಯ ಆ ಬೀದಿಯಲ್ಲಿ ನಿಂತು ನಾನು ಜೋರಾಗಿ ಹೇಳಿದೆ.