ಲೆಕ್ಕದಲ್ಲಿ ಫಸ್ಟು, ನರ್ಸ್ ಆಗ್ತಾಳಂತೆ

ಮಗಳು ನರ್ಸ್ ಆಗುತ್ತೇನೆಂದು ಹೇಳಿದ್ದು ಊಟದ ಕೊನೆಯಲ್ಲಿ, ಮೊಸರನ್ನದ ಹೊತ್ತಿಗೆ. ನನ್ನ ಹೆಂಡತಿಯ ಕೈಯಲ್ಲಿದ್ದ ಸೌಟು ಅಂತರಿಕ್ಷದಲ್ಲೇ ನಿಂತಿತು.

“ಏನಾಗ್ತೀಯಾ?”

“ನರ್ಸ್. ಕಾಂಗೋಶಿ. ಐ ಹ್ಯಾವ್ ಡಿಸೈಡೆಡ್.”

ಒಂದೇ ಸಂಗತಿಯನ್ನು ಇಂಗ್ಲಿಷು, ಜಪಾನಿ ಎರಡೂ ಭಾಷೆಗಳಲ್ಲಿ ಹೇಳಿಬಿಟ್ಟಿದ್ದರಿಂದ, ಸರಿಯಾಗಿ ಕೇಳಿಸಲಿಲ್ಲ ಎನ್ನುವ ಸೌಲಭ್ಯವೂ ನಮಗೆ ಉಳಿಯಲಿಲ್ಲ.

“ನೀನು ಲೆಕ್ಕದಲ್ಲಿ ಕ್ಲಾಸಿಗೇ ಫಸ್ಟು ಕಣೇ,” ಎಂದಳು ಹೆಂಡತಿ. ದರೋಡೆಗೆ ಹೊರಟವಳಿಗೆ ಅವಳ ಮನೆತನವನ್ನು ನೆನಪಿಸುವ ಧ್ವನಿ ಅದು.

“ಸೋ?” ಎಂದಳು ಮಗಳು.

ಕೊರೋನಾದ ಎರಡನೆಯ ಚಳಿಗಾಲ. ಟೋಕಿಯೋದ ನಿಶಿ ಕಸಾಯಿಯ ನಮ್ಮ ಫ್ಲ್ಯಾಟಿನಲ್ಲಿ ನನ್ನ ಆಫೀಸು ಮಲಗುವ ಕೋಣೆಯ ಮೂಲೆಗೆ ವರ್ಗವಾಗಿ ಬಂದು ಬಹಳ ಕಾಲವಾಗಿತ್ತು. ಮಗಳು ಹೈಸ್ಕೂಲಿನ ಎರಡನೆಯ ವರ್ಷದಲ್ಲಿದ್ದಳು, ನಮ್ಮ ಕಡೆ ಹೇಳುವುದಾದರೆ ಫಸ್ಟ್ ಪಿಯುಸಿ. ಆ ವರ್ಷದ ಬೇಸಿಗೆಯಲ್ಲಿ ಅವಳಿಗೆ ಅಪೆಂಡಿಕ್ಸ್ ಆಪರೇಷನ್ ಆಗಿತ್ತು. ಸೋಂಕಿನ ಭಯಕ್ಕೆ ತಂದೆ-ತಾಯಿಯನ್ನೂ ಒಳಗೆ ಬಿಡದ ಕಾಲ. ಬಟ್ಟೆಯ ಚೀಲವನ್ನು ಆಸ್ಪತ್ರೆಯ ಬಾಗಿಲಲ್ಲಿ ಕೊಟ್ಟು, ಬಗ್ಗಿ ನಮಸ್ಕಾರ ಮಾಡಿ ವಾಪಸ್ಸು ಬರುವುದಷ್ಟೇ ನಮ್ಮ ಪಾಲಿನ ಕರ್ತವ್ಯವಾಗಿತ್ತು. ಹೊಟ್ಟೆಯ ಹೊಲಿಗೆಯ ಜೊತೆಗೆ ಅವಳು ಒಂದು ಅಭಿಪ್ರಾಯವನ್ನೂ ಮನೆಗೆ ತಂದಿದ್ದಳೆಂದು ತಿಳಿದದ್ದು ಈಗ.

“ಡಾಕ್ಟರ್ ಟು ಮಿನಿಟ್ಸ್ ಬರ್ತಾರೆ ಅಪ್ಪ. ಆಮೇಲೆ ಇಡೀ ದಿನ ಯೋಚನೆ ಮಾಡೋದು ನರ್ಸೇ.”

ನನಗೆ ಇದರಲ್ಲಿ ಗಾಬರಿಪಡುವಂಥದ್ದೇನೂ ಕಾಣಲಿಲ್ಲ. ನನ್ನ ಅಮ್ಮ ಮೈಸೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ನಾನು ಬೆಳೆದದ್ದೇ ಆ ಸಂಬಳದ ಅನ್ನದಲ್ಲಿ. ಆದರೆ ನನಗೆ ಕಾಣದ್ದು ಮಿಕ್ಕವರಿಗೆಲ್ಲ ಸ್ಪಷ್ಟವಾಗಿ ಕಂಡಿತು.

ಮೊದಲು ಕಂಡದ್ದು ನಮ್ಮ ಮಿತ್ರರೊಬ್ಬರಿಗೆ. ಟೋಕಿಯೋ ಪಕ್ಕದ ಕಾಶಿವಾದಲ್ಲಿ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದವರು. ನಮ್ಮ ಪಕ್ಕದ ಕಟ್ಟಡದಲ್ಲೇ ವಾಸ. ಭಾನುವಾರ ಬೆಳಿಗ್ಗೆ ನದಿಯ ಏರಿಯ ಮೇಲೆ ಮಾಸ್ಕು ಹಾಕಿಕೊಂಡು, ಮಧ್ಯೆ ಒಂದಾಳಿನ ಜಾಗ ಬಿಟ್ಟು, ಇಬ್ಬರೂ ವಾಕಿಂಗ್ ಹೋಗುತ್ತಿದ್ದೆವು. ವಿಷಯ ತಿಳಿದೊಡನೆ ಅವರ ನಡಿಗೆ ನಿಧಾನವಾಯಿತು.

“ಮಾರ್ಕ್ಸ್ ಏನಾದ್ರೂ ಕಮ್ಮಿ ಬಂತಾ ಸಾರ್?”

“ಇಲ್ಲ, ಫಸ್ಟ್ ಇದಾಳೆ.”

“ಮತ್ಯಾಕೆ ಸಾರ್? ನರ್ಸಿಂಗ್‌ಗೆ ಏನ್ ತಲೆ ಬೇಕು? ತಾಳ್ಮೆ ಇದ್ರೆ ಸಾಕು. ಡೋಂಟ್ ಮೈಂಡ್, ಹೇಳ್ದೆ ಅಷ್ಟೆ.”

ನಾನು ಬೆಚ್ಚಿಬಿದ್ದೆ. ಹಿಂದಿನ ರಾತ್ರಿಯಷ್ಟೇ ಈ ಮಹನೀಯರು ನಮ್ಮ ಕನ್ನಡದವರ ವಾಟ್ಸ್ಯಾಪ್ ಗುಂಪಿಗೆ ದೀಪ ಉರಿಯುವ ಚಿತ್ರವೊಂದನ್ನು ಹಾಕಿ, ನರ್ಸುಗಳೇ ಕಣ್ಣಿಗೆ ಕಾಣುವ ದೇವತೆಗಳು ಎಂದು ಬರೆದಿದ್ದರು. ಅದಕ್ಕೆ ಕೈಮುಗಿದವರಲ್ಲಿ ನಾನೂ ಒಬ್ಬ. ದೇವತೆಗೆ ಕೈಮುಗಿಯಬಹುದು, ಹೂ ಏರಿಸಬಹುದು. ಆದರೆ ದೇವತೆಗೆ ತಲೆಯೊಳಗೆ ಏನಾದರೂ ಇರಬಹುದೆಂದು ಶಂಕಿಸುವ ಪದ್ಧತಿ ಮಾತ್ರ ನಮ್ಮಲ್ಲಿ ಇಲ್ಲವೆಂದು ಆ ಏರಿಯ ಮೇಲೆ ತಿಳಿಯಿತು.

ಇದು ನಮ್ಮವರ ದೋಷ, ಜಪಾನೀಯರು ಹೀಗಲ್ಲ ಎಂಬ ಸಮಾಧಾನದಲ್ಲಿ ಮಗಳ ಶಾಲೆಗೆ ಹೋದೆ. ಇಲ್ಲಿ ಒಂದು ಪದ್ಧತಿ ಇದೆ. ಮಕ್ಕಳು ಮುಂದೆ ಏನು ಓದಬೇಕೆಂದು ನಿರ್ಧರಿಸಲು ಟೀಚರು, ಮಗು, ಹೆತ್ತವರು ಮೂವರೂ ಒಂದೇ ಮೇಜಿಗೆ ಕೂರಬೇಕು. ಅಲ್ಲಿ ಆಡಿದ ಮಾತಿಗೆ ಹೆಚ್ಚುಕಡಿಮೆ ತಾಂಬೂಲ ಬದಲಾಯಿಸಿದಷ್ಟು ತೂಕ. ಗಾಳಿಯಾಡಲೆಂದು ಕಿಟಕಿಗಳನ್ನು ತೆರೆದಿಟ್ಟಿದ್ದರು. ನಾವು ಕೋಟು ಬಿಚ್ಚದೆ, ನಡುವೆ ಪಾರದರ್ಶಕ ಹಲಗೆ ಇಟ್ಟುಕೊಂಡು, ನಡುಗುತ್ತ ಕೂತೆವು.

ಮಗಳು ತನ್ನ ಆಸೆಯನ್ನು ಹೇಳಿದಳು. ಅವಳ ಟೀಚರು, ಇಲ್ಲಿಯವರ ಬಾಯಲ್ಲಿ ಸೆನ್ಸೇ, ತುಂಬಾ ಮೃದುವಾದ ಮನುಷ್ಯ. ತಲೆ ಓರೆ ಮಾಡಿ, ಗಾಳಿಯನ್ನು ಹಲ್ಲಿನ ಸಂದಿಯಿಂದ ಒಳಗೆಳೆದು, “ಮೊತ್ತಾಯ್‌ನಾಯ್,” ಎಂದರು.

ಬಟ್ಟಲಲ್ಲಿ ಅನ್ನ ಬಿಟ್ಟರೆ ಜಪಾನಿನ ತಾಯಂದಿರು ಹೇಳುವ ಮಾತು ಅದು. ಅಯ್ಯೋ, ದಂಡವಾಯಿತಲ್ಲ ಎಂದು. ನನ್ನ ಮಗಳ ಮಿದುಳು ತಿನ್ನದೆ ಬಿಟ್ಟ ಅನ್ನವಾಗಿತ್ತು. ಇಷ್ಟು ದೂರದ ದೇಶಕ್ಕೆ ಬಂದು, ಇಷ್ಟು ಕಷ್ಟದ ಭಾಷೆ ಕಲಿತು, ಕೊನೆಗೆ ಕೇಳಿದ್ದು ಏರಿಯ ಮೇಲೆ ಕೇಳಿದ ಮಾತನ್ನೇ!

“ಮೆಡಿಸಿನ್‌ಗೇ ಪ್ರಯತ್ನಿಸಬಹುದಾದ ಅಂಕಗಳು,” ಎಂದರು ಸೆನ್ಸೇ. “ಮನೆಯಲ್ಲಿ ಇನ್ನೊಮ್ಮೆ ಮಾತಾಡಿ. ಮನೆಯವರು ಒಪ್ಪಿದರೆ ಸೋಮವಾರ ತಿಳಿಸಿ, ಮುಂದಿನ ವರ್ಷದ ಪಾಠಗಳನ್ನು ಅದರಂತೆ ಆರಿಸೋಣ.”

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಬಹಳ ಹೊತ್ತು ಪಾತ್ರೆ ತೊಳೆದಳು. ಆಮೇಲೆ ಕೈ ಒರೆಸಿಕೊಂಡು ತನ್ನ ಷರತ್ತನ್ನು ಮುಂದಿಟ್ಟಳು. “ರೀ, ಅತ್ತೆ ಆ ಕೆಲಸ ಮಾಡಿದೋರು. ಅತ್ತೆ ಹೂಂ ಅಂದ್ರೆ ನಂದೂ ಹೂಂ. ಅವರು ಬೇಡ ಅಂದ್ರೆ ಇವಳು ಆ ಮಾತು ಇನ್ನೆತ್ತಬಾರದು.”

ಮಗಳು ಒಪ್ಪಿದಳು. ನಾನಂತೂ ಗೆದ್ದೆವೆಂದೇ ತಿಳಿದೆ.

ಭಾನುವಾರ ಮಧ್ಯಾಹ್ನ ಮೈಸೂರಿಗೆ ವಿಡಿಯೋ ಕರೆ ಮಾಡಿದೆ. ಅಮ್ಮ ನನ್ನ ತಂಗಿಯ ಮನೆಯಲ್ಲಿರುವುದು. ಕಾಫಿ ಲೋಟ ಹಿಡಿದು, ಮುಖದ ಬದಲು ಹಣೆಯನ್ನು ನಮಗೆ ತೋರಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

“ಬೇಡ,” ಎಂದಳು.

ನೆಟ್‌ವರ್ಕ್ ತೊಂದರೆ ಇರಬೇಕೆಂದು ನಾನು ಇನ್ನೊಮ್ಮೆ ವಿವರಿಸಿದೆ.

“ಕೇಳಿಸ್ತು ಕಣೋ. ಬುದ್ಧಿ ಇರೋ ಮಗು ಅದು. ಅಲ್ಲಿಗ್ಯಾಕೆ ಕಳಿಸ್ತೀಯ?”

ನನ್ನ ಬೆನ್ನಿನ ಮೇಲೆ ಯಾರೋ ತಣ್ಣೀರು ಸುರಿದಂತಾಯಿತು. ಏರಿಯ ಮೇಲಿನ ಡಾಕ್ಟರೇಟು, ಕಿಟಕಿ ತೆರೆದಿಟ್ಟ ಸೆನ್ಸೇ ಹೇಳಿದ್ದನ್ನೇ ನನ್ನ ಅಮ್ಮ ಹೇಳುತ್ತಿದ್ದಳು.

“ಅಮ್ಮ, ನೀನೇ ಹೀಗಂದ್ರೆ?”

“ನಾನಲ್ದೆ ಇನ್ಯಾರು ಅನ್ಬೇಕು? ವಾರ್ಡಲ್ಲಿ ಪೇಷಂಟು ಕೆಡ್ತಾ ಇದಾರೆ ಅಂತ ಮೊದಲು ಗೊತ್ತಾಗ್ತಿದ್ದಿದ್ದು ನಮಗೆ. ಆದ್ರೆ ಹಾಗಂತ ಹೇಳೋ ಹಾಗಿರ್ಲಿಲ್ಲ. ‘ಸಾರ್, ನನಗೇನೂ ತಿಳೀತಿಲ್ಲ, ನೀವೇ ಒಂಚೂರು ನೋಡ್ತೀರಾ’ ಅನ್ಬೇಕು. ಅವರು ಬಂದು ನೋಡಿ, ನಾನೇ ಕಂಡುಹಿಡಿದೆ ಅಂದ್ಕೋತಿದ್ರು. ‘ಇಷ್ಟೂ ಗೊತ್ತಾಗಲ್ವಾ ಸಿಸ್ಟರ್’ ಅಂತ ಮೇಲೊಂದು ಬೈಗುಳ. ಪೇಷಂಟು ಉಳ್ಕೊಂಡ್ರೆ ಸಾಕು ಅಂತ ಬೈಸ್ಕೋತಿದ್ವಿ.”

“ಎಲ್ಲರೂನಾ ಅತ್ತೆ?” ಎಂದಳು ನನ್ನ ಹೆಂಡತಿ.

“ಎಲ್ಲರೂ. ಸೀನಿಯರ್ ಸಿಸ್ಟರ್ ಮೊದಲು ಕಲಿಸಿಕೊಡ್ತಿದ್ದಿದ್ದೇ ಅದನ್ನ. ಕಡೆಕಡೆಗೆ ಆ ಮಾತು ನಾಲಿಗೇಲೇ ಕೂತುಬಿಡ್ತು. ಮನೇಗೆ ಬಂದ್ರೂ ಅದೇ.”

ಅದು ನಿಜ. ಚಿಕ್ಕಂದಿನಲ್ಲಿ ನಾನು ಏನು ಕೇಳಿದರೂ ಅಮ್ಮ, “ನನಗೇನು ತಿಳಿಯತ್ತೆ, ಹೀಗಿರಬಹುದಾ ಅಂತ ಅಪ್ಪನ್ನ ಕೇಳು,” ಎನ್ನುತ್ತಿದ್ದಳು. ಅಪ್ಪ ಗಂಭೀರವಾಗಿ ಹೌದೆನ್ನುತ್ತಿದ್ದರು. ನಮ್ಮ ಮನೆಯ ಜ್ಞಾನವೆಲ್ಲ ಅಪ್ಪನ ಖಾತೆಯಲ್ಲೇ ಇತ್ತು. ವಾರ್ಡಿನ ಆ ನಾಟಕ ನಮ್ಮ ನಡುಮನೆಯಲ್ಲೂ ನಡೆದಿತ್ತೆಂದು ತಿಳಿದು, ತಲೆ ನರೆತ ಮೇಲೆ, ಟೋಕಿಯೋದ ಚಳಿಯಲ್ಲಿ, ನಾನು ಬಾಯಿ ತೆರೆದುಕೊಂಡು ಕೂತೆ.

ಮಗಳು ಫೋನನ್ನು ನನ್ನ ಕೈಯಿಂದ ಕಸಿದುಕೊಂಡಳು. ಅವಳಿಗೆ ಕನ್ನಡ ಅರ್ಥವಾಗುವಷ್ಟು ಆಡಲು ಬರುವುದಿಲ್ಲ.

“ಅಜ್ಜಿ, ನಾನು ಹಾಗೆ ಹೇಳಲ್ಲ. ಗೊತ್ತಿದ್ರೆ ಗೊತ್ತು ಅಂತೀನಿ.”

“ಬೈತಾರೆ ಕಣೇ.”

“ಬೈಲಿ.”

“ನಿನಗೇನು ಗೊತ್ತು, ದಡ್ಡಿ ಅಂತಾರೆ.”

“ಅಜ್ಜಿ, ನಿಮಗೆ ಅಂದ್ರಲ್ಲ. ನೀವು ದಡ್ಡಿನಾ?”

ಅಜ್ಜಿಯನ್ನು ಹೀಗೆ ನೇರವಾಗಿ ಕೇಳಿದವರು ನಮ್ಮ ವಂಶದಲ್ಲಿ ಅದುವರೆಗೆ ಇರಲಿಲ್ಲ. ಹೆಂಡತಿ, “ಏಯ್!” ಎಂದಳು. ಪರದೆಯ ಮೇಲೆ ಹಣೆ ಮೇಲಕ್ಕೆ ಸರಿದು, ಕಣ್ಣು, ಮೂಗು, ಆಮೇಲೆ ಅಮ್ಮನ ಇಡೀ ಮುಖ ಕಾಣಿಸಿತು.

“ಅಲ್ಲ,” ಎಂದಳು ಅಮ್ಮ. ತಾನು ಹೇಳಿದ್ದು ತನಗೇ ಹೊಸದೆಂಬಂತೆ ಕಾಫಿ ಲೋಟವನ್ನು ಕೆಳಗಿಟ್ಟಳು. “ಅಲ್ಲ ಕಣೇ. ನಾನು ದಡ್ಡಿ ಅಲ್ಲ.”

ಮೂರೂ ಜನ ಕಾದೆವು.

“ನನಗೆ ಈಗಲೂ ಇಷ್ಟ ಇಲ್ಲ,” ಎಂದಳು. “ಆದ್ರೆ ನನ್ನ ಹೆಸರು ಹೇಳಿ ಅವಳಿಗೆ ಬೇಡ ಅನ್ಬೇಡಿ. ಓದ್ಕೊಳ್ಳಲಿ.”

ನನ್ನ ಹೆಂಡತಿ ಷರತ್ತಿನ ವಿಷಯದಲ್ಲಿ ಬಲು ಕಟ್ಟುನಿಟ್ಟು. ಇದು ಹೂಂ ಅಲ್ಲ, ಬೇಡವೂ ಅಲ್ಲ. ಅವಳು ಮಗಳ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು. “ಸರಿ ಅತ್ತೆ,” ಎಂದು ಮೂಗನ್ನು ಒರೆಸಿಕೊಂಡು ಎದ್ದುಹೋದಳು.

ಸೋಮವಾರ ಸೆನ್ಸೇಗೆ ಫೋನು ಮಾಡಿದೆ. ಸುಮಿಮಾಸೆನ್, ಕ್ಷಮಿಸಿ ಎಂದು ಶುರುಮಾಡಿ, ಮನೆಯವರು ಒಪ್ಪಿದ್ದಾರೆ ಎಂದೆ. ಆ ತುದಿಯಲ್ಲಿ ಮತ್ತೆ ಗಾಳಿ ಒಳಗೆಳೆದ ಸದ್ದು.

“ಅಪ್ಪನವರೂ ಚೆನ್ನಾಗಿ ಯೋಚಿಸಿದ್ದೀರಲ್ಲವೇ?”

“ಯೋಚನೆಯೆಲ್ಲ ಮಗಳೇ ಮಾಡಿದ್ದಾಳೆ ಸೆನ್ಸೇ,” ಎಂದೆ. “ನಾನು ಇನ್ನೂ ಗಾಬರಿಯಲ್ಲೇ ಇದ್ದೇನೆ.”